ಖಾಲಿ ಉಳಿದ ಚೀಟಿ

ಕೊಡಗಿನ ನಮ್ಮ ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ನಡುಮನೆಯಲ್ಲಿ, ಹಿರಿಯರ ಚಿತ್ರಗಳ ಕೆಳಗೆ, ಒಂದು ಜೋಡುನಳಿಗೆ ಕೋವಿ ತೂಗುತ್ತಿತ್ತು. ನಾನು ಹುಟ್ಟುವ ಹೊತ್ತಿಗಾಗಲೇ ಅದು ಬೇಟೆ ಬಿಟ್ಟು ಕೆಲವು ವರ್ಷಗಳಾಗಿದ್ದವು. ವರ್ಷಕ್ಕೆ ಎರಡು ಸಲ ಮಾತ್ರ ಅದು ಗೋಡೆಯಿಂದ ಕೆಳಗಿಳಿಯುತ್ತಿತ್ತು. ಸೆಪ್ಟೆಂಬರ್ ಮೊದಲಿಗೆ ಬರುವ ಕೈಲ್‌ಪೊಳ್ದ್ ಹಬ್ಬದ ದಿನ ಅಜ್ಜ ಅದನ್ನು ಎಣ್ಣೆಬಟ್ಟೆಯಿಂದ ಒರೆಸಿ, ಗಂಧ ಹಚ್ಚಿ, ನಳಿಗೆಗೆ ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸಿ ದೀಪದ ಮುಂದೆ ಇಡುತ್ತಿದ್ದರು. ಆಮೇಲೆ ನವೆಂಬರ್ ಕೊನೆಗೋ ಡಿಸೆಂಬರ್‌ಗೋ ಬರುವ ಹುತ್ತರಿಯ ರಾತ್ರಿ, ಗದ್ದೆಯಲ್ಲಿ ಮೊದಲ ಕದಿರು ಕೊಯ್ಯುವ ಗಳಿಗೆಗೆ, ಆಕಾಶಕ್ಕೆ ಒಂದು ಗುಂಡು ಹಾರುತ್ತಿತ್ತು. ‘ಪೊಲಿ ಪೊಲಿ ದೇವಾ’ ಎಂಬ ಕೂಗಿನ ನಡುವೆ ಆ ಸದ್ದು ಬೆಟ್ಟದಿಂದ ಬೆಟ್ಟಕ್ಕೆ ಉರುಳಿ ಹೋಗುತ್ತಿದ್ದುದು ಈಗಲೂ ಕಿವಿಯಲ್ಲಿದೆ. ನನ್ನ ಬಾಲ್ಯದಲ್ಲಿ ಕೋವಿಯ ಸದ್ದಿಗೆ ಏನೂ ಕೆಳಗೆ ಬೀಳುತ್ತಿರಲಿಲ್ಲ.

ಕೈಲ್‌ಪೊಳ್ದ್ ಬರೀ ಆಯುಧಪೂಜೆಯಲ್ಲ. ಮಳೆಗಾಲದ ಉಳುಮೆ, ನಾಟಿ ಮುಗಿಯುವತನಕ ಆಯುಧಗಳನ್ನು ಒಳಗಿಟ್ಟು, ನಾಟಿ ಮುಗಿದ ಮೇಲೆ ಪೂಜೆ ಮಾಡಿ ಹೊರತೆಗೆಯುವುದು ಹಳೆಯ ಕ್ರಮ. ಬೇಟೆ ಶುರುವಾಗುತ್ತಿದ್ದದ್ದು ಅಲ್ಲಿಂದ ಮುಂದೆ. ಅಂದರೆ ಕಾಡಿಗೂ ಒಂದಿಷ್ಟು ತಿಂಗಳ ಬಿಡುವು ಸಿಗುತ್ತಿತ್ತು. ಆದರೆ ಆ ಬಿಡುವೊಂದೇ ಸಾಕಾಗಲಿಲ್ಲ. ‘ಕಾಡಿಗೆ ಕೋವಿ ಹೆಚ್ಚಾಯಿತು, ಕಾಡು ಸುಮ್ಮನಾಯಿತು’ ಎಂದು ಅಜ್ಜ ಹೇಳುತ್ತಿದ್ದರು. ಬೆಳಗಿನ ಜಾವ ಎಸ್ಟೇಟಿನ ಅಂಚಿನಲ್ಲಿ ಕೂಗುತ್ತಿದ್ದ ಕಾಡುಕೋಳಿಗಳು ತಮ್ಮ ಕಣ್ಣೆದುರಿಗೇ ಕಡಿಮೆಯಾದವು ಎಂದು ಹೇಳುವಾಗ ಅವರು ಯಾರನ್ನೂ ದೂರುತ್ತಿರಲಿಲ್ಲ, ತಮ್ಮನ್ನೂ ಬಿಡುತ್ತಿರಲಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಅವರು ಬೇಟೆ ಬಿಟ್ಟರು. 1991ರ ತಿದ್ದುಪಡಿಯೊಂದಿಗೆ ಪರವಾನಗಿ ಪಡೆದು ಆಡುವ ಬೇಟೆಯ ಬಾಗಿಲೂ ಮುಚ್ಚಿತು. ಅದು ಸರಿಯಾದ ಕಾಯ್ದೆ ಎಂದೇ ನನ್ನ ನಂಬಿಕೆ. ಮುಂದೆ ನಾನು ಬರೆಯುವುದನ್ನು ಓದಿ, ನಮ್ಮ ಕಾಡುಗಳಲ್ಲೂ ಮತ್ತೆ ಬೇಟೆ ಬರಲಿ ಎಂದು ನಾನು ಕೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯಕ್ಕೆ ಬಂದು ನೆಲೆಸಿದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ನಾನು ಮೊದಲ ಸಲ ಬೇಟೆಗೆ ಹೋದೆ. ಜುನಿಯಾಟಾ ನದಿ ಬಂದು ಸಸ್ಕ್ವೆಹಾನಾವನ್ನು ಸೇರುವ ಜಾಗದಿಂದ ಪಶ್ಚಿಮಕ್ಕೆ ಹೊರಟರೆ ಉದ್ದುದ್ದನೆಯ ಬೆಟ್ಟಸಾಲುಗಳು ಒಂದರ ಹಿಂದೊಂದು ಎದುರಾಗುತ್ತವೆ. ಟಸ್ಕರೋರ ಬೆಟ್ಟ ಅವುಗಳಲ್ಲೊಂದು. ನೆರೆಮನೆಯ ಹಿರಿಯರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಅವರು ಪ್ರತಿ ನವೆಂಬರ್‌ನಲ್ಲಿ ಆ ಬೆಟ್ಟಗಳಲ್ಲಿ ಒಂದು ಕಾಡು ಟರ್ಕಿ ಹಕ್ಕಿಯನ್ನು ಹೊಡೆದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಬೇಯಿಸುತ್ತಿದ್ದರು. ಹೊಡೆಯಲಾಗದ ವರ್ಷ ಆ ಊಟಕ್ಕೆ ಅವರ ಮನೆಯಲ್ಲಿ ಹಂದಿಯ ತೊಡೆ ಇರುತ್ತಿತ್ತೇ ಹೊರತು ಅಂಗಡಿಯ ಟರ್ಕಿ ಇರುತ್ತಿರಲಿಲ್ಲ. ಒಂದು ವರ್ಷ ಅವರು ನಮಗೂ ಎದೆಮಾಂಸದ ಒಂದು ತುಂಡನ್ನು ತಂದುಕೊಟ್ಟರು. ಅಷ್ಟು ವರ್ಷ ಅಂಗಡಿಯಿಂದ ತಂದು ಬೇಯಿಸಿದ್ದ ಬಿಳಿಯ ಹಕ್ಕಿಗೂ ಆ ತುಂಡಿಗೂ ಹೆಸರೊಂದನ್ನು ಬಿಟ್ಟರೆ ಹೋಲಿಕೆಯೇ ಇರಲಿಲ್ಲ. ಬಣ್ಣ ಗಾಢವಾಗಿತ್ತು, ನಾರು ಬಿಗಿಯಾಗಿತ್ತು, ರುಚಿಯಲ್ಲಿ ಕಾಡಿನ ಕಾಯಿಯ ಒಗರಿನಂಥದ್ದೇನೋ ಇತ್ತು. ಅಂಗಡಿಯ ಹಕ್ಕಿಯ ಎದೆಯನ್ನು ತಳಿಯಿಂದ ತಳಿಗೆ ಎಷ್ಟು ಬೆಳೆಸಿದ್ದಾರೆಂದರೆ ಅದಕ್ಕೆ ಸಹಜವಾಗಿ ಕೂಡಲೂ ಆಗುವುದಿಲ್ಲ, ಕೃತಕ ಗರ್ಭಧಾರಣೆಯೇ ಗತಿ. ಆ ಒಂದು ಹಬ್ಬಕ್ಕೆ ಅಂಥ ಹಕ್ಕಿಗಳು ನಾಲ್ಕು ಕೋಟಿಗೂ ಹೆಚ್ಚು ಬೇಕಾಗುತ್ತವೆ ಎಂಬುದು ಆ ಉದ್ಯಮದವರದೇ ಅಂದಾಜು. ಅವುಗಳಲ್ಲೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ತಂದಾಗ ಒಂದು ಜೀವ ಹೋಗಿದೆ ಎಂಬ ಅರಿವು ನನ್ನಲ್ಲಿ ಎಂದೂ ಮೂಡಿರಲಿಲ್ಲ. ನೆರೆಯವರ ಆ ತುಂಡು ನೋಡಿದಾಗ ಮೂಡಿತು. ಹಬ್ಬಕ್ಕೆ ಹಕ್ಕಿ ತಿನ್ನುವುದೇ ಆದರೆ ಅದರ ಸಾವು ನನ್ನ ಕಣ್ಣೆದುರಿಗೇ, ನನ್ನ ಕೈಯಿಂದಲೇ ಆಗಲಿ, ಆಗಲಾದರೂ ಅದರ ಬೆಲೆ ನನಗೆ ತಿಳಿಯುತ್ತದೆ ಎಂದು ಅನ್ನಿಸಿತು.

ಇಲ್ಲಿ ಕೋವಿ ಕೊಳ್ಳುವುದು ಸುಲಭ, ಬೇಟೆಯ ಪರವಾನಗಿ ಪಡೆಯುವುದಕ್ಕೆ ಮಾತ್ರ ಒಂದು ಪಾಠ ಮುಗಿಸಲೇಬೇಕು. ಎದುರಿನಲ್ಲಿರುವುದು ಏನೆಂದು ನೂರಕ್ಕೆ ನೂರು ಖಾತ್ರಿಯಾಗುವತನಕ ಟ್ರಿಗರ್ ಮೇಲೆ ಬೆರಳಿಡಬಾರದು. ಹಕ್ಕಿಯ ಕೂಗು ಕೇಳಿದ ಕಡೆಗೆ ತೆವಳಿಕೊಂಡು ಹೋಗಬಾರದು, ಏಕೆಂದರೆ ಕೂಗುತ್ತಿರುವುದು ಮರಸು ಕುಳಿತ ಇನ್ನೊಬ್ಬ ಮನುಷ್ಯನೇ ಆಗಿರಬಹುದು. ಗಂಡು ಟರ್ಕಿಯ ತಲೆಯಲ್ಲಿರುವ ಕೆಂಪು, ಬಿಳಿ, ನೀಲಿ ಬಣ್ಣಗಳ ಬಟ್ಟೆಯನ್ನು ತೊಡಬಾರದು, ಅಂಥ ಕರವಸ್ತ್ರವನ್ನೂ ಹೊರತೆಗೆಯಬಾರದು. ಹೆಗಲಿಗಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರಬೇಕು. ‘ಮರಸು’ ಎಂಬ ನಮ್ಮ ಕಡೆಯ ಮಾತು ನನಗೆ ನೆನಪಾದದ್ದು ಆ ತರಗತಿಯಲ್ಲಿ. ಕಾಡಿನಲ್ಲಿ ಮರೆಯಾಗಿ, ಉಸಿರು ಬಿಗಿಹಿಡಿದು, ಪ್ರಾಣಿ ತಾನಾಗಿ ಬರುವುದನ್ನು ಕಾಯುವುದಕ್ಕೆ ಅಷ್ಟು ಒಪ್ಪುವ ಇನ್ನೊಂದು ಮಾತನ್ನು ನಾನು ಕೇಳಿಲ್ಲ. ಟರ್ಕಿ ಬೇಟೆಯೆಂದರೆ ಮುಕ್ಕಾಲು ಪಾಲು ಮರಸು ಕೂರುವುದೇ.

ಪರವಾನಗಿಯ ಜೊತೆಗೆ ಒಂದು ಚೀಟಿ ಬರುತ್ತದೆ. ಶರತ್ಕಾಲದ ಬೇಟೆಗೆ ಒಬ್ಬರಿಗೆ ಒಂದೇ ಹಕ್ಕಿ, ಆದ್ದರಿಂದ ಒಂದೇ ಚೀಟಿ. ಹಕ್ಕಿ ಬಿದ್ದ ಕೂಡಲೇ, ಅದನ್ನು ಆ ಜಾಗದಿಂದ ಕದಲಿಸುವ ಮೊದಲೇ, ದಿನಾಂಕ, ಸಮಯ, ಜಾಗವನ್ನು ಅದರಲ್ಲಿ ಬರೆದು ಹಕ್ಕಿಗೆ ಕಟ್ಟಬೇಕು. ಹತ್ತು ದಿನದೊಳಗೆ ಗೇಮ್ ಕಮಿಷನ್‌ಗೆ, ಅಂದರೆ ರಾಜ್ಯದ ವನ್ಯಜೀವಿ ಇಲಾಖೆಗೆ, ವರದಿ ಒಪ್ಪಿಸಬೇಕು. ರಾಜ್ಯವನ್ನು ವಲಯಗಳಾಗಿ ವಿಂಗಡಿಸಿದ್ದಾರೆ. ಒಂದು ವಲಯದಲ್ಲಿ ಬೇಟೆಗೆ ಮೂರು ವಾರ ಸಿಕ್ಕರೆ ಇನ್ನೊಂದರಲ್ಲಿ ಒಂದೇ ವಾರ, ಮತ್ತೊಂದರಲ್ಲಿ ಸಂಪೂರ್ಣ ನಿಷೇಧ. ಆ ವಲಯದ ಹಕ್ಕಿಗಳ ಸ್ಥಿತಿ ನೋಡಿಕೊಂಡು ಅದನ್ನು ಬದಲಾಯಿಸುತ್ತಿರುತ್ತಾರೆ. ನಾನು ಮೊದಲಿಗೆ ಇದನ್ನೆಲ್ಲ ಕಚೇರಿಯ ಕಾಗದಪತ್ರವೆಂದೇ ನೋಡಿದೆ. ಚೀಟಿಯ ನಿಜವಾದ ತೂಕ ತಿಳಿಯುವುದಕ್ಕೆ ನಾನು ಒಂದು ತಪ್ಪು ಮಾಡಬೇಕಾಯಿತು.

ಮೊದಲ ವರ್ಷ, ನವೆಂಬರ್ ಆರಂಭದ ಒಂದು ಶನಿವಾರ, ಸಂಜೆ ನಾಲ್ಕರ ಸುಮಾರಿಗೆ, ನಾನು ಕುಳಿತಿದ್ದ ಇಳಿಜಾರಿನ ಕೆಳಗೆ ಒಂದು ಹಕ್ಕಿ ಒಂಟಿಯಾಗಿ ನಡೆದು ಬಂತು. ಟರ್ಕಿಗೆ ಗುರಿಯಿಡುವುದು ತಲೆ ಮತ್ತು ಕುತ್ತಿಗೆಗೆ ಮಾತ್ರ. ದೇಹಕ್ಕೆ ಹೊಡೆದರೆ ದಪ್ಪ ಗರಿಗಳೂ ಎದೆಯ ಮಾಂಸವೂ ಚರೆಗಳನ್ನು ತಡೆಯುತ್ತವೆ, ಹಕ್ಕಿ ಸಾಯದೆ ನರಳುತ್ತದೆ. ನಲವತ್ತು ಗಜದ ಆಚೆಗೆ ಹೊಡೆಯಬೇಡ ಎಂದು ನೆರೆಯವರು ಹತ್ತು ಸಲ ಹೇಳಿದ್ದರು. ಕೋವಿಯನ್ನು ಕಾಗದಕ್ಕೆ ಹೊಡೆದು ಪರೀಕ್ಷಿಸಿಕೊಳ್ಳಬೇಕು ಎಂದೂ ಹೇಳಿದ್ದರು. ನಾನು ಎರಡೇ ಹಾಳೆಗೆ ಸಾಕು ಮಾಡಿದ್ದೆ. ಎಲೆ ಉದುರಿ ಬಯಲಾದ ಕಾಡಿನಲ್ಲಿ, ಅದೂ ಇಳಿಜಾರಿನಲ್ಲಿ, ದೂರವೆನ್ನುವುದು ಕಣ್ಣಿಗೆ ಮೋಸ ಮಾಡುತ್ತದೆ. ನಲವತ್ತು ಎಂದುಕೊಂಡು ಹೊಡೆದೆ. ಹಕ್ಕಿ ಪಕ್ಕಕ್ಕೆ ಉರುಳಿತು, ಎದ್ದಿತು, ಒಂದು ರೆಕ್ಕೆಯನ್ನು ತುಸು ಜೋಲಿಸಿಕೊಂಡು ಓಡಿತು, ಆಮೇಲೆ ಹೇಗೋ ನೆಲ ಬಿಟ್ಟು ಮೇಲೆದ್ದು ಕಣಿವೆಯ ಕಡೆಗೆ ತೇಲಿಹೋಯಿತು. ಹೆಜ್ಜೆ ಹಾಕಿ ಅಳೆದಾಗ ಐವತ್ತೆಂಟು ಬಂತು.

ನೆರೆಯವರು ನನ್ನನ್ನು ಬೈಯಲಿಲ್ಲ. ಹಕ್ಕಿ ಉರುಳಿದ ಜಾಗದಲ್ಲಿ ಒಂದು ಗಿಡಕ್ಕೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿದರು. ನಾವಿಬ್ಬರೂ ಮಂಡಿಯೂರಿ ಎಲೆಗಳನ್ನು ಒಂದೊಂದಾಗಿ ನೋಡುತ್ತ ಕೆಳಗಿಳಿದೆವು. ಕಂದು ಎಲೆಯ ಮೇಲೆ ಕಡಲೆಕಾಳಿನಷ್ಟು ರಕ್ತದ ಹನಿ, ಹತ್ತು ಹೆಜ್ಜೆಯಾಚೆ ಇನ್ನೊಂದು, ಆಮೇಲೆ ಮೂರು ಗರಿ. ಅಲ್ಲಿಂದಾಚೆಗೆ ಏನೂ ಇರಲಿಲ್ಲ. ಕತ್ತಲಾಗುವವರೆಗೆ ಹುಡುಕಿದೆವು. ಮರುದಿನ ಬೆಳಿಗ್ಗೆ ಕೋವಿಯನ್ನು ಮನೆಯಲ್ಲೇ ಬಿಟ್ಟು ಮತ್ತೆ ಹೋಗಿ, ಕಣಿವೆಯ ತಳದ ತೊರೆಯ ಎರಡೂ ದಡದಲ್ಲಿ, ಬಿದ್ದ ಮರಗಳ ಅಡಿಯಲ್ಲಿ, ಮುಳ್ಳುಪೊದೆಗಳಲ್ಲಿ ಮಧ್ಯಾಹ್ನದವರೆಗೆ ಹುಡುಕಿದೆವು. ಹೊಡೆದ ಪ್ರಾಣಿಯನ್ನು ಹುಡುಕುವುದು ಇಲ್ಲಿ ಕಾನೂನಿನಂತೆಯೂ ಬೇಟೆಗಾರನ ಕರ್ತವ್ಯ, ಆದರೆ ನೆರೆಯವರ ಮುಖದಲ್ಲಿದ್ದದ್ದು ಕಾನೂನಿನ ಭಯವಲ್ಲ. ಎಪ್ಪತ್ತು ದಾಟಿದ ಮನುಷ್ಯ, ಮಂಡಿ ನೋವಿನವರು, ನನ್ನ ಅವಸರಕ್ಕಾಗಿ ಎರಡು ದಿನ ನೆಲದ ಮೇಲೆ ತೆವಳಿದರು.

ಕೊನೆಗೆ ಟ್ರಕ್ಕಿನ ಬಾಗಿಲಿಗೆ ಒರಗಿ ನಿಂತು, ‘ಆ ಹಕ್ಕಿ ನಿನ್ನ ಲೆಕ್ಕಕ್ಕೆ ಬಂತು’ ಎಂದರು. ನನ್ನ ಚೀಟಿ ಖಾಲಿ ಇತ್ತು. ಹಕ್ಕಿ ಕೈಗೆ ಸಿಗದ್ದರಿಂದ ಕಾನೂನಿನ ಪ್ರಕಾರ ನಾನು ಮತ್ತೆ ಬೇಟೆಗೆ ಹೋಗಬಹುದಿತ್ತು, ಋತು ಮುಗಿಯಲು ಇನ್ನೂ ದಿನಗಳಿದ್ದವು. ಅವರು ಹೋಗಬೇಡ ಎನ್ನಲಿಲ್ಲ. ನಾನು ಹೋಗಲಿಲ್ಲ. ಆ ವರ್ಷದ ಚೀಟಿ ಏನೂ ಬರೆಯಿಸಿಕೊಳ್ಳದೆ ನನ್ನ ಮೇಜಿನ ಡ್ರಾಯರಿನಲ್ಲಿ ಉಳಿಯಿತು, ಈಗಲೂ ಇದೆ.

ಆ ಚಳಿಗಾಲದಲ್ಲಿ ನಾನು ಟರ್ಕಿಯ ಚರಿತ್ರೆಯನ್ನು ಓದತೊಡಗಿದೆ. ಕಳೆದುಕೊಂಡದ್ದು ಏನೆಂದು ತಿಳಿಯಬೇಕಿತ್ತು. ಪೆನ್ಸಿಲ್ವೇನಿಯಾದ ಕಾಡುಗಳನ್ನು ಮರಕ್ಕಾಗಿ, ಇದ್ದಿಲಿಗಾಗಿ, ಚರ್ಮ ಹದಮಾಡುವ ತೊಗಟೆಗಾಗಿ ಹತ್ತೊಂಬತ್ತನೇ ಶತಮಾನದಲ್ಲಿ ಹೆಚ್ಚುಕಡಿಮೆ ಬೋಳಿಸಿಬಿಟ್ಟಿದ್ದರು. ಉಳಿದ ಕಾಡಿನಲ್ಲಿ ಪೇಟೆಗೆ ಮಾರುವ ಬೇಟೆಗಾರರು ವರ್ಷವಿಡೀ, ಮರಿ ತಾಯಿ ಎನ್ನದೆ ಹೊಡೆದರು. ಅದರ ಮೇಲೆ, 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರಾಣಿಸಂಗ್ರಹಾಲಯದಲ್ಲಿ ಮೊದಲು ಕಂಡ ಒಂದು ಶಿಲೀಂಧ್ರರೋಗ ಕೆಲವೇ ದಶಕಗಳಲ್ಲಿ ಈ ಬೆಟ್ಟಗಳ ಚೆಸ್ಟ್‌ನಟ್ ಮರಗಳನ್ನೆಲ್ಲ ನೆಲಕ್ಕುರುಳಿಸಿತು. ಟರ್ಕಿಯ ಚಳಿಗಾಲದ ಮೇವಿನ ದೊಡ್ಡ ಪಾಲು ಆ ಮರದ ಕಾಯಿಯೇ ಆಗಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹಲವು ರಾಜ್ಯಗಳಲ್ಲಿ ಒಂದು ಹಕ್ಕಿಯೂ ಉಳಿದಿರಲಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಉಳಿದ ಕೆಲವು ಸಾವಿರ ಹಕ್ಕಿಗಳು ತಲೆತಪ್ಪಿಸಿಕೊಂಡಿದ್ದದ್ದು ರಾಜ್ಯದ ದಕ್ಷಿಣ ಮಧ್ಯಭಾಗದ ಬೆಟ್ಟಸಾಲುಗಳಲ್ಲಿ, ಅಂದರೆ ನಾನು ಕೋವಿ ಹಿಡಿದು ಕುಳಿತಿದ್ದ ಈ ಭಾಗದಲ್ಲೇ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಕ್ಕಿಯನ್ನು ಮರಳಿ ತರಲು ಮೊದಲು ಮಾಡಿದ್ದು ಸಾಕಣೆ. ಗೂಡಿನಲ್ಲಿ ಮರಿಮಾಡಿಸಿ, ಬೆಳೆಸಿ, ಕಾಡಿಗೆ ಬಿಟ್ಟರು. ತಾಯಿಯ ಹಿಂದೆ ನಡೆದು ಕಲಿಯದ ಆ ಮರಿಗಳಿಗೆ ಗಿಡುಗದ ನೆರಳು ಬಿದ್ದರೆ ಏನು ಮಾಡಬೇಕೆಂದೂ, ರಾತ್ರಿ ಯಾವ ಮರದ ಮೇಲೆ ಕೂರಬೇಕೆಂದೂ ತಿಳಿಯಲಿಲ್ಲ; ಬಿಟ್ಟವು ಬಿಟ್ಟ ಹಾಗೆಯೇ ಸತ್ತವು. ಪರಿಹಾರ ಸಿಕ್ಕಿದ್ದು 1950ರ ದಶಕದಲ್ಲಿ. ನೀರುಹಕ್ಕಿಗಳನ್ನು ಹಿಡಿಯಲು ಬಳಸುತ್ತಿದ್ದ, ಸಣ್ಣ ಫಿರಂಗಿಗಳು ಹಾರಿಸುವ ಬಲೆಯನ್ನು ಟರ್ಕಿಗಳ ಮೇಲೆ ಹಾರಿಸಿ, ಕಾಡಿನಲ್ಲೇ ಹುಟ್ಟಿ ಬೆಳೆದ ಹಕ್ಕಿಗಳನ್ನು ಗಾಯವಾಗದಂತೆ ಹಿಡಿದು, ಪೆಟ್ಟಿಗೆಯಲ್ಲಿ ಒಯ್ದು, ಹಕ್ಕಿಯಿಲ್ಲದ ಬೆಟ್ಟಗಳಲ್ಲಿ ಬಿಟ್ಟರು. ಇದಕ್ಕೆಲ್ಲ ಹಣದ ದೊಡ್ಡ ಪಾಲು ಬಂದದ್ದು ಬೇಟೆಗಾರರಿಂದ: ಪರವಾನಗಿಯ ಶುಲ್ಕ, ಜೊತೆಗೆ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಂತೆ ಉದ್ದ ನಳಿಗೆಯ ಕೋವಿ ಮತ್ತು ತೋಟಾಗಳ ಮೇಲೆ ಬೀಳುವ ಶೇಕಡಾ 11ರ ತೆರಿಗೆ. ಆ ಹಣವನ್ನು ಪಡೆಯುವ ರಾಜ್ಯಗಳು ಪರವಾನಗಿಯ ದುಡ್ಡನ್ನು ಬೇರೆ ಕೆಲಸಕ್ಕೆ ತಿರುಗಿಸುವ ಹಾಗಿಲ್ಲ. ಈಗ ದೇಶದಲ್ಲಿ ಅರವತ್ತು ಲಕ್ಷದಷ್ಟು ಕಾಡು ಟರ್ಕಿಗಳಿವೆ. ನಾನು ಬೇಟೆಗೆ ಹೋಗುವ ಸಾರ್ವಜನಿಕ ಕಾಡೂ ಗೇಮ್ ಕಮಿಷನ್‌ನದೇ, ರಾಜ್ಯದಲ್ಲೆಲ್ಲ ಸೇರಿ ಅಂಥದ್ದು ಸುಮಾರು ಹದಿನೈದು ಲಕ್ಷ ಎಕರೆ ಇದೆ. ಅಜ್ಜನ ಕಾಲದ ಕೊಡಗಿನಲ್ಲಿ ಇಲ್ಲದೇ ಹೋದದ್ದು ಬೇಟೆಯ ಪ್ರೀತಿಯೂ ಅಲ್ಲ, ಕಾಡಿನ ಪ್ರೀತಿಯೂ ಅಲ್ಲ. ಎಷ್ಟಿದ್ದವು, ಎಷ್ಟು ಹೋದವು, ಎಷ್ಟು ಉಳಿದವು ಎಂಬ ಈ ಲೆಕ್ಕ.

ಈ ಓದಿನ ನಡುವೆ ಒಂದು ಸಣ್ಣ ಸಂಗತಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಅಮೆರಿಕದ ಈ ಹಕ್ಕಿ ಯುರೋಪಿಗೆ ಹೋದಾಗ ಎಲ್ಲಿಂದ ಬಂತೆಂದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಇಂಗ್ಲಿಷರು ತುರ್ಕಿಯಿಂದ ಬಂತೆಂದರು, ತುರ್ಕರು ಅದನ್ನು ‘ಹಿಂದಿ’, ಅಂದರೆ ಭಾರತದ್ದು, ಎಂದರು, ಡಚ್ಚರು ‘ಕಾಲ್ಕೂನ್’ ಎಂದರು. ಆ ಡಚ್ ಹೆಸರು ಹುಟ್ಟಿದ್ದು ಕಲ್ಲಿಕೋಟೆಯಿಂದ. ನಮ್ಮ ಊರಿನಿಂದ ಘಾಟಿ ಇಳಿದರೆ ಸಿಗುವ ಕಲ್ಲಿಕೋಟೆಯ ಹೆಸರನ್ನು ಪೆನ್ಸಿಲ್ವೇನಿಯಾದ ಹಕ್ಕಿಯೊಂದು ಹಾಲೆಂಡಿನಲ್ಲಿ ಹೊತ್ತು ತಿರುಗುತ್ತಿದೆ. ನಮ್ಮ ದೇಶಕ್ಕೂ ಅದು ಬೇಗನೆ ಬಂದಿತ್ತು: 1612ರಲ್ಲಿ ಗೋವೆಯಿಂದ ಜಹಾಂಗೀರನ ಆಸ್ಥಾನಕ್ಕೆ ತಂದ ಟರ್ಕಿಯನ್ನು ಉಸ್ತಾದ್ ಮನ್ಸೂರ್ ಚಿತ್ರಿಸಿದ, ಅದರ ಕತ್ತಿನ ಒಂದೊಂದು ಸುಕ್ಕನ್ನೂ ಬಿಡದೆ. ನನ್ನ ಕೈಯಿಂದ ಗಾಯಗೊಂಡು ಹಾರಿಹೋದ ಹಕ್ಕಿಯನ್ನು ನಾನು ಅಷ್ಟು ಗಮನವಿಟ್ಟು ನೋಡಿರಲಿಲ್ಲ.

ಎರಡನೆಯ ವರ್ಷ ಬೇಸಿಗೆಯಿಂದಲೇ ತಯಾರಿ ಶುರುಮಾಡಿದೆ. ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು ಗಜಗಳಲ್ಲಿ ದೊಡ್ಡ ಹಾಳೆಗಳನ್ನು ಕಟ್ಟಿ, ಪ್ರತಿಯೊಂದರ ನಡುವೆ ಹತ್ತು ಇಂಚಿನ ವೃತ್ತ ಬರೆದು, ಒಂದೊಂದೇ ತೋಟಾ ಹೊಡೆದು, ವೃತ್ತದೊಳಗಿನ ತೂತುಗಳನ್ನು ಪೆನ್ಸಿಲಿನಿಂದ ಗುರುತು ಹಾಕಿ ಎಣಿಸಿದೆ. ಐದನೇ ನಂಬರಿನ ಚರೆಯ ಆ ಹನ್ನೆರಡು ಬೋರಿನ ತೋಟಾದಲ್ಲಿ ಸುಮಾರು ಮುನ್ನೂರು ಚರೆಗಳಿರುತ್ತವೆ. ಮೂವತ್ತು ಗಜದಲ್ಲಿ ವೃತ್ತ ಜರಡಿಯಾಗಿತ್ತು. ಐವತ್ತಕ್ಕೆ ಹೋಗುವ ಹೊತ್ತಿಗೆ ಚರೆಗಳು ಚದುರಿ, ಹಕ್ಕಿಯ ತಲೆಯಷ್ಟು ಅಗಲದ ಖಾಲಿ ಜಾಗಗಳು ನಡುನಡುವೆ ಕಾಣಿಸಿದವು. ಹಿಂದಿನ ವರ್ಷ ನಾನು ಏನು ಮಾಡಿದ್ದೆನೆಂದು ಆ ಹಾಳೆಯಲ್ಲಿ ಬರೆದಿಟ್ಟಂತಿತ್ತು. ಮೂವತ್ತೈದು ಗಜವೇ ನನ್ನ ಗಡಿ ಎಂದು ಆವತ್ತು ನಿಶ್ಚಯಿಸಿದೆ.

ಕೂಗನ್ನೂ ಕಲಿತೆ. ಸ್ಲೇಟಿನ ದುಂಡು ಬಿಲ್ಲೆಯ ಮೇಲೆ ಮರದ ಕಡ್ಡಿಯನ್ನು ಒತ್ತಿ ಎಳೆದರೆ ಹೇಟೆಯ ಕೂಗು ಹುಟ್ಟುತ್ತದೆ. ಶರತ್ಕಾಲದಲ್ಲಿ ಬೇಕಾದದ್ದು ಇನ್ನೊಂದು ಕೂಗು: ಗುಂಪಿನಿಂದ ತಪ್ಪಿಸಿಕೊಂಡ ಮರಿ ತಾಯಿಯನ್ನು ಹುಡುಕುತ್ತ ಕೂಗುವ, ಸಣ್ಣ ಸೀಟಿಯಂಥ ‘ಕೀ ಕೀ ಕೀ’. ವಸಂತದ ಬೇಟೆಯಲ್ಲಿ ಗಂಡನ್ನು ಹೆಣ್ಣಿನ ದನಿಯಿಂದ ಕರೆದರೆ, ಶರತ್ಕಾಲದಲ್ಲಿ ಅಗಲಿದವರನ್ನು ಅಗಲಿದವರ ದನಿಯಿಂದಲೇ ಕರೆಯಬೇಕು. ನನ್ನ ಮಗಳು, ಆಗ ಅವಳಿಗೆ ಹನ್ನೊಂದು ವರ್ಷ, ಅದನ್ನು ನನಗಿಂತ ಬೇಗ ಕಲಿತಳು. ‘ಅಪ್ಪ, ಇದು ಮೋಸ ಅಲ್ಲವಾ?’ ಎಂದು ಒಂದು ಸಂಜೆ ಕೇಳಿದಳು. ಹೌದು ಎಂದೆ. ಬೇರೆ ಉತ್ತರ ನನ್ನಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ನವೆಂಬರಿನ ಆ ಬೆಳಿಗ್ಗೆ ನಾವು ಬೆಟ್ಟದ ನೆತ್ತಿಯ ಹಾದಿಯಲ್ಲಿ ನಿಧಾನಕ್ಕೆ ನಡೆದೆವು. ಇಬ್ಬನಿ ಹೆಪ್ಪುಗಟ್ಟಿದ್ದರಿಂದ ಎಲೆಗಳು ಕಾಲಡಿಯಲ್ಲಿ ಹಪ್ಪಳದಂತೆ ಮುರಿಯುತ್ತಿದ್ದವು. ಒಂದು ಕಡೆ ಓಕ್ ಮರಗಳ ಅಡಿಯಲ್ಲಿ ತರಗೆಲೆಯನ್ನು ಕೆರೆದು ಹಾಕಿದ ಗುರುತು ಕಂಡಿತು. ಟರ್ಕಿ ಮುಂದಿನ ಎಲೆಯನ್ನು ಹಿಂದಕ್ಕೆ ಕೆರೆಯುತ್ತದೆ, ಹಾಗಾಗಿ ಎಲೆಗುಪ್ಪೆ ಇರುವ ಕಡೆಗೆ ವಿರುದ್ಧವಾಗಿ ಗುಂಪು ಹೋಗಿರುತ್ತದೆ. ಕೆರೆದ ಮಣ್ಣಿನ ಮೇಲೆ ಇಬ್ಬನಿ ಕೂತಿರಲಿಲ್ಲ. ನೆರೆಯವರು ಕೈಯೆತ್ತಿ ನಿಂತರು. ಮುಂದಿನ ದಿಬ್ಬದಾಚೆ ಸರಸರ ಸದ್ದು, ದನಗಳು ಒಣಹುಲ್ಲು ಮೇಯುವ ಹಾಗೆ. ಕೋವಿಗಳ ತೋಟಾ ತೆಗೆದು, ಅವನ್ನು ಮರಕ್ಕೆ ಒರಗಿಸಿಟ್ಟು, ಇಬ್ಬರೂ ಕೈ ಬೀಸಿಕೊಂಡು ಗುಂಪಿನ ನಡುವಿಗೆ ಓಡಿದೆವು. ಹದಿನೈದಿಪ್ಪತ್ತು ದೊಡ್ಡ ಹಕ್ಕಿಗಳು ಒಟ್ಟಿಗೆ ನೆಲ ಬಿಟ್ಟು ಮೇಲೆದ್ದಾಗ ಆಗುವ ಸದ್ದು ಎದೆಗೆ ಬಡಿಯುತ್ತದೆ. ದಿಕ್ಕಿಗೊಂದು ಚದುರಿದವು. ಗುಂಪು ಒಡೆದ ಜಾಗದಲ್ಲೇ, ಒಂದು ದಪ್ಪ ಓಕ್ ಮರಕ್ಕೆ ಬೆನ್ನು ಕೊಟ್ಟು ನಾನು ಕುಳಿತೆ. ನೆರೆಯವರು ಅದೇ ಮರದ ಇನ್ನೊಂದು ಬದಿಯಲ್ಲಿ ಕುಳಿತರು. ಆವತ್ತು ಅವರು ತಮ್ಮ ಕೋವಿಗೆ ಮತ್ತೆ ತೋಟಾ ತುಂಬಲಿಲ್ಲ.

ಅರ್ಧ ಗಂಟೆ ಏನೂ ಇಲ್ಲ. ಟರ್ಕಿಗೆ ನಮಗಿಂತ ಹರಿತವಾದ ಕಣ್ಣು. ತಲೆಯನ್ನು ತುಸು ಹೊರಳಿಸಿದರೆ ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ. ರೆಪ್ಪೆ ಮಿಟುಕಿಸುವುದಕ್ಕೂ ಯೋಚಿಸುವ ಹಾಗಿತ್ತು. ಕಾಲು ಜೋಮು ಹಿಡಿಯಿತು, ಮೂಗಿನ ತುದಿ ಮರಗಟ್ಟಿತು. ಆಮೇಲೆ ಎಡಗಡೆಯ ಇಳಿಜಾರಿನಿಂದ ಒಂದು ‘ಕೀ ಕೀ’. ನೆರೆಯವರು ಉತ್ತರಿಸಿದರು. ಕೆಳಗಿನಿಂದ ಮತ್ತೊಂದು. ಕಾಡೆಲ್ಲ ಒಂದನ್ನೊಂದು ಕರೆಯುವ ದನಿಗಳಿಂದ ತುಂಬಿಕೊಂಡಿತು, ಆ ದನಿಗಳಲ್ಲಿ ನಮ್ಮದೂ ಒಂದು. ಜೀವನದಲ್ಲಿ ಅಷ್ಟು ಕಿವಿಗೊಟ್ಟು ನಾನು ಬೇರೇನನ್ನೂ ಕೇಳಿಲ್ಲ.

ಹಕ್ಕಿ ಮರಗಳ ನಡುವೆ ಬಂದದ್ದು ನೆರಳು ಸರಿದಂತೆ. ಮೊದಲು ಕತ್ತು, ಆಮೇಲೆ ಬೆನ್ನಿನ ಕಂಚುಬಣ್ಣ. ಮೊದಲೇ ಅಳೆದು ಗುರುತಿಟ್ಟುಕೊಂಡಿದ್ದ ಬಿದ್ದ ಬರ್ಚ್ ಮರ ಮೂವತ್ತು ಗಜದಲ್ಲಿತ್ತು. ಹಕ್ಕಿ ಅದನ್ನು ದಾಟಿ ಈಚೆಗೆ ಬಂತು. ಎದೆಗರಿಗಳ ತುದಿ ಕಪ್ಪಗಿತ್ತು, ಅಂದರೆ ಗಂಡು, ಆ ವರ್ಷದ್ದೇ ಎಳೆಯ ಹುಂಜ. ಹೇಟೆಯಾಗಿದ್ದರೆ ತುದಿ ಕಂದು ಇರುತ್ತದೆ. ಶರತ್ಕಾಲದಲ್ಲಿ ಹೇಟೆಗೂ ಅನುಮತಿಯಿದೆ, ಆದರೆ ಮುಂದಿನ ವರ್ಷ ಗೂಡು ಕಟ್ಟುವ ಹಕ್ಕಿಯನ್ನು ಹೊಡೆಯುವುದಿಲ್ಲವೆಂದು ನೆರೆಯವರು ಎಂದೋ ನಿರ್ಧರಿಸಿದವರು, ನಾನೂ ಅದನ್ನೇ ಪಾಲಿಸಿದೆ. ಅದು ಒಂದು ಓಕ್ ಮರದ ಹಿಂದೆ ಹೋದಾಗ ಕೋವಿಯನ್ನು ಎತ್ತಿದೆ. ಈಚೆಗೆ ಬಂದು, ಕತ್ತು ನೇರ ಮಾಡಿ, ತನ್ನನ್ನು ಕರೆದ ಸಂಗಾತಿ ಎಲ್ಲಿ ಎಂದು ನೋಡಿತು. ಟ್ರಿಗರ್ ಒತ್ತಿದೆ.

ಹತ್ತಿರ ಹೋಗುವ ಹೊತ್ತಿಗೆ ರೆಕ್ಕೆಗಳ ಬಡಿತ ನಿಂತಿತ್ತು. ಇಪ್ಪತ್ತೇಳು ಹೆಜ್ಜೆ. ತಲೆಯ ಚರ್ಮದ ತೆಳು ನೀಲಿ ನಾನು ನೋಡುತ್ತಿರುವಂತೆಯೇ ಬೂದಿಬಣ್ಣಕ್ಕೆ ತಿರುಗಿತು. ಬೆನ್ನಿನ ಗರಿಗಳು ಮಾತ್ರ ಬಿಸಿಲಿಗೆ ತಾಮ್ರ, ಹಸಿರು, ನೇರಳೆಯಾಗಿ ಮಿನುಗುತ್ತಲೇ ಇದ್ದವು. ನೆರೆಯವರು ಮಾತಾಡದೆ ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಬೆರಳು ಮರಗಟ್ಟಿದ್ದರಿಂದ ದಿನಾಂಕ ಬರೆಯುವುದಕ್ಕೂ ತಡವಾಯಿತು. ಚೀಟಿಯನ್ನು ಕಾಲಿಗೆ ಕಟ್ಟಿ, ಇನ್ನೂ ಬೆಚ್ಚಗಿದ್ದ ಹಕ್ಕಿಯನ್ನು ಎತ್ತಿಕೊಂಡೆ.

ಗರಿ ಕಿತ್ತು ಸ್ವಚ್ಛ ಮಾಡಿದ್ದು ನಮ್ಮ ಗ್ಯಾರೇಜಿನಲ್ಲಿ. ಒಂದು ಟರ್ಕಿಗೆ ಐದಾರು ಸಾವಿರ ಗರಿಗಳಿರುತ್ತವೆ ಎನ್ನುತ್ತಾರೆ. ಬಿಸಿನೀರಿನಲ್ಲಿ ಅದ್ದಿ ಕಿತ್ತರೂ ಮುಗಿಸಲು ಒಂದೂವರೆ ಗಂಟೆ ಹಿಡಿಯಿತು.

ಕತ್ತಿನ ಬುಡದ ಕಾಳಿನ ಚೀಲವನ್ನು ಬಿಡಿಸಿದಾಗ ಮಗಳು ಪಕ್ಕದಲ್ಲೇ ಕುಳಿತಿದ್ದಳು. ಒಂದು ಬಿಳಿ ತಟ್ಟೆಯಲ್ಲಿ ಅದರೊಳಗಿನದನ್ನೆಲ್ಲ ಹರಡಿದೆವು: ಇಡೀ ನುಂಗಿದ ಹತ್ತೊಂಬತ್ತು ಓಕ್ ಕಾಯಿಗಳು, ಬೀಚ್ ಮರದ ಮೂರುಮೂಲೆಯ ಬೀಜಗಳು, ಹಸಿರು ಹುಲ್ಲಿನ ಎಳೆಗಳು, ಎರಡು ಮಿಡತೆ. ಆ ಬೆಳಿಗ್ಗೆ ಬೆಟ್ಟ ಅದಕ್ಕೆ ಬಡಿಸಿದ ಊಟ, ಇನ್ನೂ ಅರಗಿರಲಿಲ್ಲ. ಕಂದನಕಾಯಿಯನ್ನು ಸೀಳಿದರೆ ಒಳಗೆ ನುಣುಪಾದ ಬೆಣಚುಕಲ್ಲುಗಳು; ಆ ಸ್ನಾಯು ಮತ್ತು ಆ ಕಲ್ಲುಗಳು ಸೇರಿ ಹಿಕರಿ ಕಾಯಿಯ ಚಿಪ್ಪನ್ನೂ ಪುಡಿ ಮಾಡಬಲ್ಲವು. ಮಗಳು ಕಲ್ಲುಗಳನ್ನು ತೊಳೆದು ಒಂದು ಸಣ್ಣ ಡಬ್ಬಿಯಲ್ಲಿ ಇಟ್ಟುಕೊಂಡಳು, ಓಕ್ ಕಾಯಿಗಳನ್ನು ಹಿತ್ತಿಲಿನ ಬೇಲಿಯ ಉದ್ದಕ್ಕೂ ಹೂತಳು. ವರದಿಯನ್ನು ನಾನು ಆ ರಾತ್ರಿಯೇ ಒಪ್ಪಿಸಿದೆ: ಜಿಲ್ಲೆ, ದಿನಾಂಕ, ಗಂಡೋ ಹೆಣ್ಣೋ, ಎಳೆಯದೋ ಬಲಿತದ್ದೋ.

ಕಾಡು ಟರ್ಕಿಯನ್ನು ಅಂಗಡಿಯದರ ಹಾಗೆ ಇಡಿಯಾಗಿ ಓವನ್‌ನಲ್ಲಿ ಬೇಯಿಸಿದರೆ ಕೆಡುತ್ತದೆ. ಕೊಬ್ಬಿಲ್ಲದ ಎದೆ ಬೇಗ ಬೆಂದು ಒಣಗಿಹೋಗುತ್ತದೆ, ಬೆಟ್ಟ ಹತ್ತಿ ಇಳಿದ ಕಾಲು ಆಗಲೂ ಬೆಂದಿರುವುದಿಲ್ಲ. ಎದೆಯನ್ನು ಬೇರೆ ಮಾಡಿ, ಒಂದು ರಾತ್ರಿ ಉಪ್ಪುನೀರಿನಲ್ಲಿಟ್ಟು, ಬೆಣ್ಣೆ ಸವರಿ, ಒಳಗಿನ ಶಾಖ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಕೂಡಲೇ ಹೊರತೆಗೆದೆವು. ಕಾಲುಗಳದು ನನ್ನ ಪಾಲಿನ ಅಡುಗೆ. ಅವುಗಳಲ್ಲಿ ಬಿದಿರುಕಡ್ಡಿಯಂಥ ಗಟ್ಟಿ ನರಗಳಿರುತ್ತವೆ. ಕೊತ್ತಂಬರಿ, ಜೀರಿಗೆ, ಸಾಸಿವೆ, ಕರಿಮೆಣಸನ್ನು ಕಪ್ಪಗೆ ಹುರಿದು ಪುಡಿ ಮಾಡಿ, ಈರುಳ್ಳಿ ಬೆಳ್ಳುಳ್ಳಿಯೊಂದಿಗೆ ಮೂರೂವರೆ ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ, ಕೊನೆಗೆ ಊರಿನಿಂದ ತಂದಿದ್ದ ಬಾಟಲಿಯ ಕಾಚಂಪುಳಿಯನ್ನು, ಅಂದರೆ ಕೊಡಗಿನ ಕಪ್ಪು ಹುಳಿಯನ್ನು, ಎರಡು ಚಮಚ ಹಾಕಿದೆ. ಮಾಂಸ ಎಲುಬು ಬಿಟ್ಟು ಬಂತು, ನರಗಳನ್ನು ಸುಲಭವಾಗಿ ಎಳೆದು ತೆಗೆಯಲಾಯಿತು. ಜೊತೆಗೆ ಹೆಂಡತಿ ಅಕ್ಕಿತರಿಯ ಉಂಡೆ, ಕಡಂಬುಟ್ಟು, ಮಾಡಿದಳು.

ಥ್ಯಾಂಕ್ಸ್‌ಗಿವಿಂಗ್ ನವೆಂಬರಿನ ನಾಲ್ಕನೇ ಗುರುವಾರ. ಇದನ್ನು 1621ರಲ್ಲಿ ಪ್ಲಿಮತ್ತಿನಲ್ಲಿ ವಲಸೆಗಾರರೂ ಅಲ್ಲಿನ ಮೂಲನಿವಾಸಿ ವಾಂಪನೋಗ್ ಜನರೂ ಒಟ್ಟಿಗೆ ಉಂಡ ಊಟದ ನೆನಪೆಂದು ಆಚರಿಸುತ್ತಾರೆ. ಆ ಊಟಕ್ಕೆ ಐದು ಜಿಂಕೆ ತಂದವರು ವಾಂಪನೋಗರು. ಅವರ ಪಾಡು ಆಮೇಲೆ ಏನಾಯಿತೆಂಬುದನ್ನು ನೆನೆದು, ಅದೇ ಪ್ಲಿಮತ್ತಿನಲ್ಲಿ ಮೂಲನಿವಾಸಿಗಳು 1970ರಿಂದ ಅದೇ ದಿನವನ್ನು ಶೋಕದಿನವಾಗಿ ಆಚರಿಸುತ್ತ ಬಂದಿದ್ದಾರೆ. ನಮ್ಮ ಮೇಜಿನಲ್ಲಿ ನೆರೆಯವರು ಊಟಕ್ಕೆ ಮುಂಚೆ ತಲೆಬಾಗಿ ಪ್ರಾರ್ಥನೆ ಹೇಳುವಾಗ ಮೊದಲು ವಾಂಪನೋಗರ ಹೆಸರು ಹೇಳುತ್ತಾರೆ, ಆಮೇಲೆ ಹಕ್ಕಿಯ ಹೆಸರು.

ನಾವು ಉಣ್ಣಲು ಕುಳಿತಾಗ ಇಲ್ಲಿ ಮಧ್ಯಾಹ್ನ ಹನ್ನೆರಡು, ಊರಿನಲ್ಲಿ ರಾತ್ರಿ ಹತ್ತೂವರೆ. ಆ ವಾರವೇ ಹುತ್ತರಿ ಇದ್ದುದರಿಂದ ಐನ್‌ಮನೆಯಲ್ಲಿ ಎಲ್ಲರೂ ಎಚ್ಚರವಾಗಿದ್ದರು. ವಿಡಿಯೊ ಕರೆಯಲ್ಲಿ ಅವ್ವ ಮೇಜನ್ನೆಲ್ಲ ಒಮ್ಮೆ ನೋಡಿದಳು. 1972ಕ್ಕೆ ಮೊದಲು, ಮದುವೆಯಾಗಿ ಆ ಮನೆಗೆ ಬಂದ ಹೊಸದರಲ್ಲಿ, ಅವಳು ಅಜ್ಜ ತಂದ ಕಾಡುಕೋಳಿಯನ್ನು ಎಷ್ಟೋ ಸಲ ಬೇಯಿಸಿದವಳು. ಹಕ್ಕಿ ಎಷ್ಟು ದೊಡ್ಡದು, ರುಚಿ ಹೇಗೆ ಎಂದೆಲ್ಲ ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು, ‘ಚರೆ ಸಿಕ್ಕಿತಾ?’ ಎಂದು.

ಸಿಕ್ಕಿತ್ತು. ಮಗಳ ತಟ್ಟೆಯ ಅಂಚಿನಲ್ಲಿ, ಎದೆಯ ಮೇಲ್ತುದಿಯ ತುಂಡಿನಿಂದ ಹೊರಬಂದ ಒಂದೇ ಒಂದು ಚರೆ, ಸಾಸಿವೆಗಿಂತ ತುಸು ದೊಡ್ಡದು. ಅವಳು ಅದನ್ನು ಬೆರಳ ತುದಿಗೆ ಅಂಟಿಸಿಕೊಂಡು ಫೋನಿನ ಹತ್ತಿರ ಹಿಡಿದಳು. ಅವ್ವ ಕನ್ನಡಕ ಮೇಲೇರಿಸಿ, ಪರದೆಗೆ ಮುಖ ತಾಗುವಷ್ಟು ಹತ್ತಿರ ಬಂದು, ಬಹಳ ಹೊತ್ತು ನೋಡಿದಳು.

‘ಹಲ್ಲು ಜೋಪಾನ, ಕುಂಞಿ’ ಎಂದಳು. ‘ನಿಧಾನಕ್ಕೆ ಜಗಿ. ಇನ್ನೊಂದು ಇರುತ್ತದೆ.’